ನಿರ್ಮಾಪಕಿಯ ಕಥಾ ಆಯ್ಕೆ ಮತ್ತು ಗಡಿನಾಡಿನ ಮೌಖಿಕ ಪರಂಪರೆ: ಬೀದರ್ ಸೀಮೆಯಿಂದ ಪಾರ್ವತಮ್ಮ ರಾಜ್‌ಕುಮಾರ್ ಅವರ ಸಾಧನೆಯ ಪರಿಶೀಲನೆ

ಕನ್ನಡ ಚಲನಚಿತ್ರವನ್ನು ಕುರಿತ ಬರವಣಿಗೆಯಲ್ಲಿ ನಟನಿಗೆ ಮೊದಲ ಸ್ಥಾನ, ನಿರ್ದೇಶಕನಿಗೆ ಎರಡನೆಯದು ಎಂಬುದು ಬಹುಕಾಲದಿಂದ ಬಂದ ರೂಢಿ. ಗೀತರಚನಕಾರರೂ ಸಂಗೀತ ನಿರ್ದೇಶಕರೂ ಆಗಾಗ ಅಧ್ಯಯನದ ವಸ್ತುವಾಗಿದ್ದಾರೆ. ನಿರ್ಮಾಪಕರು ಮಾತ್ರ ಹಣ ಹೂಡಿದವರೆಂಬ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತಾರೆ. ಆದರೆ ಒಂದು ಕಥೆ ತೆರೆಗೆ ಬರುವುದಕ್ಕೆ ಮೊದಲು ಯಾರೋ ಒಬ್ಬರು ಅದನ್ನು ಹತ್ತು ಕಥೆಗಳ ನಡುವಿನಿಂದ ಎತ್ತಿಕೊಂಡಿರುತ್ತಾರೆ. ಉಳಿದ ಒಂಬತ್ತನ್ನು ಬದಿಗಿರಿಸಿರುತ್ತಾರೆ. ಹಾಲಿವುಡ್ಡಿನ ಸ್ಟುಡಿಯೋಗಳಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ವಿಭಾಗ ಬೆಳೆಯಿತು. ಕಾದಂಬರಿ, ನಾಟಕಗಳನ್ನು ಓದಿಸುವುದು, ಹಕ್ಕು ಪಡೆಯುವುದು, ಲೇಖಕರನ್ನು ಕೂರಿಸಿ ಚಿತ್ರಕಥೆಯನ್ನು ಹದಗೊಳಿಸುವುದು ಅಲ್ಲಿನ ಅಧಿಕಾರಿಗಳ ವೃತ್ತಿ. ಕನ್ನಡದಲ್ಲಿ ಆ ಹೆಸರಿನ ಹುದ್ದೆ ಇಲ್ಲದಿದ್ದರೂ ಆ ಕೆಲಸ ಇತ್ತು. ಅದನ್ನು ಕುಟುಂಬದ ಒಳಗೇ, ದಶಕಗಳ ಕಾಲ, ಒಂದು ಸಂಸ್ಥೆಯ ಶಿಸ್ತಿನಿಂದ ನಡೆಸಿದವರು ಪಾರ್ವತಮ್ಮ ರಾಜ್‌ಕುಮಾರ್ (1939–2017).

ಜಾನಪದ ಅಧ್ಯಯನಕ್ಕೆ ಈ ವಿಷಯ ಹೊರಗಿನದೆಂದು ತೋರಬಹುದು. ಹಾಗೆ ತೋರುವುದು ಪ್ರದರ್ಶನವನ್ನು ಹಾಡುವವನ ಕಡೆಯಿಂದ ಮಾತ್ರ ನೋಡಿದಾಗ. ಬೀದರ್ ಸೀಮೆಯಲ್ಲಿ ಮದುವೆಯ ನಂತರ ಗೊಂದಲ ಹಾಕಿಸುವ ಮನೆತನಗಳಿವೆ. ತುಳಜಾಪುರದ ಅಂಬಾಭವಾನಿಯ ಹೆಸರಿನಲ್ಲಿ ರಾತ್ರಿಯಿಡೀ ನಡೆಯುವ ಈ ಆಚರಣೆಯಲ್ಲಿ ಗೊಂದಲಿಗರ ಮೇಳಕ್ಕೆ ಅನೇಕ ಕಥೆಗಳು ಬರುತ್ತವೆ. ಅವುಗಳಲ್ಲಿ ಆ ರಾತ್ರಿ ಯಾವುದು ನಡೆಯಬೇಕು, ಎಷ್ಟು ಹೊತ್ತು ನಡೆಯಬೇಕು ಎಂಬುದರಲ್ಲಿ ಕರೆಸಿದ ಮನೆಯವರ ಮಾತಿಗೆ ಬೆಲೆ ಇರುತ್ತದೆ. ದಕ್ಷಿಣದ ಮಲೆ ಮಹದೇಶ್ವರ ಪರಂಪರೆಯಲ್ಲಿಯೂ ಕಾವ್ಯ ‘ಸಾಲು’ಗಳಾಗಿ ಹಂಚಿಹೋಗಿದೆ, ಸಂದರ್ಭ ನೋಡಿ ಒಂದೊಂದು ಸಾಲು ಹಾಡಲ್ಪಡುತ್ತದೆ. ಹಾಡಿಸುವವರ ಈ ಪಾತ್ರವನ್ನು ಕನ್ನಡ ಜಾನಪದ ಸಂಶೋಧನೆ ಕಲಾವಿದನ ಪಾತ್ರದಷ್ಟು ಶ್ರದ್ಧೆಯಿಂದ ಗಮನಿಸಿಲ್ಲ. ಚಲನಚಿತ್ರದ ನಿರ್ಮಾಪಕರು ಈ ಹಾಡಿಸುವವರ ಸ್ಥಾನದಲ್ಲಿ ನಿಂತವರು. ಅವರ ಆಯ್ಕೆಯನ್ನು ಓದುವುದೆಂದರೆ ಒಂದು ಕಾಲದ ಕೇಳುಗರ ಕಲ್ಪನೆಯನ್ನು ಓದುವುದು. ಆ ಕಲ್ಪನೆಯಲ್ಲಿ ಯಾವ ಸೀಮೆಗೆ ಜಾಗ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂಬುದನ್ನು ಕೇಳುವುದು. ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಬೀದರ್, ಭಾಲ್ಕಿ, ಔರಾದಗಳ ನೆಲದಿಂದ ಕೇಳುತ್ತದೆ.

ಪಾರ್ವತಮ್ಮನವರ ಹುಟ್ಟೂರು ಮೈಸೂರು ಜಿಲ್ಲೆಯ ಸಾಲಿಗ್ರಾಮ. 1953ರಲ್ಲಿ, ಇನ್ನೂ ಬಾಲ್ಯ ಕಳೆಯದ ವಯಸ್ಸಿನಲ್ಲಿ, ಗಾಜನೂರಿನ ಮುತ್ತುರಾಜರೊಂದಿಗೆ ವಿವಾಹವಾಯಿತು. ಮರುವರ್ಷ ತೆರೆಕಂಡ ‘ಬೇಡರ ಕಣ್ಣಪ್ಪ’ ಮುತ್ತುರಾಜರನ್ನು ರಾಜ್‌ಕುಮಾರ್ ಆಗಿಸಿತು. ಈ ಚಿತ್ರದ ನಿರ್ಮಾಣದ ಹಿಂದೆ ಗುಬ್ಬಿ ವೀರಣ್ಣನವರಿದ್ದರೆಂಬುದು ಇಲ್ಲಿ ಮುಖ್ಯ. ವೀರಣ್ಣನವರು ‘ಸದಾರಮೆ’ (1935), ‘ಸುಭದ್ರಾ’ (1941), ‘ಜೀವನ ನಾಟಕ’ (1942) ಮೊದಲಾದ ಚಿತ್ರಗಳೊಂದಿಗೆ ಗುರುತಿಸಿಕೊಂಡಿದ್ದವರು. ಅವರ ಮಟ್ಟಿಗೆ ಕಥಾ ವಿಭಾಗವೆಂದರೆ ಅವರ ನಾಟಕ ಕಂಪನಿಯೇ ಆಗಿತ್ತು. ಊರೂರು ತಿರುಗುವ ಕಂಪನಿಯಲ್ಲಿ ಯಾವ ದೃಶ್ಯಕ್ಕೆ ಜನ ಚಪ್ಪಾಳೆ ತಟ್ಟುತ್ತಾರೆ, ಯಾವುದಕ್ಕೆ ಎದ್ದುಹೋಗುತ್ತಾರೆ ಎಂಬುದು ರಾತ್ರಿ ರಾತ್ರಿಗೆ ತಿಳಿಯುತ್ತಿತ್ತು. ಮುತ್ತುರಾಜರ ತಂದೆ ಪುಟ್ಟಸ್ವಾಮಯ್ಯನವರು ಆ ಕಂಪನಿಯ ಕಲಾವಿದರು. ಮುತ್ತುರಾಜರೂ ಅವರ ತಮ್ಮ ವರದರಾಜರೂ ರಂಗದ ನೆರಳಿನಲ್ಲಿ ಬೆಳೆದವರು. ಹೀಗಾಗಿ 1970ರ ದಶಕದಲ್ಲಿ ಈ ಕುಟುಂಬ ಸ್ವಂತ ನಿರ್ಮಾಣಕ್ಕೆ ಇಳಿದಾಗ ಅದರ ಕೈಯಲ್ಲಿ ಬಂಡವಾಳಕ್ಕಿಂತ ಮೊದಲು ಕಂಪನಿ ನಾಟಕದ ಕಿವಿ ಇತ್ತು.

ವಜ್ರೇಶ್ವರಿ ಸಂಸ್ಥೆಯ ಮೊದಲ ಚಿತ್ರ ‘ತ್ರಿಮೂರ್ತಿ’ (1975). ಅಲ್ಲಿಂದ ಮುಂದೆ ಬೇರೆ ಬೇರೆ ಹೆಸರಿನ ಸಂಸ್ಥೆಗಳ ಮೂಲಕ ಪಾರ್ವತಮ್ಮನವರು ನಿರ್ಮಿಸಿದ ಚಿತ್ರಗಳು ಸುಮಾರು 80. ಪುರುಷರೇ ತುಂಬಿದ್ದ ಗಾಂಧಿನಗರದ ವಿತರಣೆ, ಲೆಕ್ಕ, ಪ್ರದರ್ಶಕರೊಂದಿಗಿನ ವ್ಯವಹಾರಗಳಲ್ಲಿ ಅವರು ಗಳಿಸಿದ ಹಿಡಿತ ಪ್ರಸಿದ್ಧವಾದುದು. ಕಥೆಯ ವಿಚಾರದಲ್ಲಿ ವರದರಾಜರ ಅಭಿಪ್ರಾಯಕ್ಕೆ ಮನೆಯಲ್ಲಿ ಹೆಚ್ಚಿನ ಮನ್ನಣೆಯಿತ್ತು, ಚಿ. ಉದಯಶಂಕರ್ (1934–1993) ಆ ಕಥೆಗಳಿಗೆ ಮಾತು ಮತ್ತು ಹಾಡು ಕೊಟ್ಟರು. ಓದುವವರು, ಬರೆಯುವವರು, ನಟಿಸುವವರು, ಕೊನೆಗೆ ಹೂಡುವ ತೀರ್ಮಾನ ಮಾಡುವವರು ಒಂದೇ ಬಳಗದಲ್ಲಿ ಸೇರಿದ್ದ ಈ ವ್ಯವಸ್ಥೆಗೆ ಕನ್ನಡದಲ್ಲಿ ಸಮಾನವಾದುದು ವಿರಳ. ಇದನ್ನು ಕೇವಲ ಕುಟುಂಬದ ಹಿಡಿತವೆಂದು ತಳ್ಳಿಹಾಕುವ ವಿಮರ್ಶೆ ಅದರ ಕಾರ್ಯವಿಧಾನವನ್ನು ನೋಡುವುದಿಲ್ಲ.

ಚಿತ್ರಗಳ ಆಕರಗಳನ್ನು ಗಮನಿಸಿದರೆ ಈ ವಿಧಾನ ಸ್ಪಷ್ಟವಾಗುತ್ತದೆ. ‘ಬೆಟ್ಟದ ಹೂವು’ (1985) ಶರ್ಲಿ ಅರೋರಾ ಅವರ ಇಂಗ್ಲಿಷ್ ಕಾದಂಬರಿಯಿಂದ ಬಂದುದು, ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಈ ಚಿತ್ರದ ಅಭಿನಯಕ್ಕೆ ಪುನೀತ್ ಅವರಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ದೊರೆಯಿತು. ‘ಜೀವನ ಚೈತ್ರ’ (1992) ವಿಶಾಲಾಕ್ಷಿ ದಕ್ಷಿಣಾಮೂರ್ತಿ ಅವರ ಕಾದಂಬರಿಯನ್ನು ಆಧರಿಸಿದ್ದು. ಮಾಲಾಶ್ರೀಯನ್ನು ನಾಯಕಿಯಾಗಿ ಪರಿಚಯಿಸಿದ ‘ನಂಜುಂಡಿ ಕಲ್ಯಾಣ’ (1989) ಪರ್ವತವಾಣಿ ಅವರ ನಾಟಕದ ಮೂಲಕ ಶೇಕ್ಸ್‌ಪಿಯರನತ್ತ ಹೋಗುವ ಕಥೆ. ಜಾನಪದ ವಿದ್ವಾಂಸರಿಗೆ ಇದು ಇನ್ನೂ ಹಿಂದಕ್ಕೆ ಹೋಗುತ್ತದೆ: ಗರ್ವದ ಹೆಣ್ಣನ್ನು ಪಳಗಿಸುವ ಈ ಆಶಯ ಆರ್ನೆ–ಥಾಮ್ಸನ್ ವರ್ಗೀಕರಣದಲ್ಲಿ 901ನೆಯ ಸಂಖ್ಯೆ ಪಡೆದ, ಅನೇಕ ದೇಶಗಳಲ್ಲಿ ಹರಡಿದ ಜನಪದ ಕಥೆ. ಅಜ್ಜಿಯ ಕಥೆಯೊಂದು ಇಂಗ್ಲೆಂಡಿನ ರಂಗವನ್ನು ಸುತ್ತಿ, ಕನ್ನಡ ನಾಟಕವಾಗಿ, ಕೊನೆಗೆ ವಾರಗಟ್ಟಲೆ ಓಡಿದ ಚಿತ್ರವಾಯಿತು. ಆ ಕಥೆಯ ಸ್ತ್ರೀವಿರೋಧಿ ಧೋರಣೆಯನ್ನು ಮಹಿಳಾ ನಿರ್ಮಾಪಕಿಯೂ ಪ್ರಶ್ನಿಸಲಿಲ್ಲ ಎಂಬ ಆಕ್ಷೇಪಕ್ಕೆ ಆಧಾರವಿದೆ. ಉಪೇಂದ್ರ ನಿರ್ದೇಶನದ ‘ಓಂ’ (1995) ಮಾತ್ರ ಈ ಸಾಲಿನಿಂದ ಪೂರ್ತಿ ಹೊರಗೆ ನಿಲ್ಲುತ್ತದೆ. ಬೆಂಗಳೂರಿನ ಭೂಗತ ಲೋಕದ ಆ ಕಥೆಗೆ ಹಣ ಹಾಕಿದ್ದು ಕುಟುಂಬ ಚಿತ್ರಗಳಿಗೆ ಹೆಸರಾದ ಸಂಸ್ಥೆಯ ಧೈರ್ಯವನ್ನು ತೋರುತ್ತದೆ.

‘ಬೆಟ್ಟದ ಹೂವು’ ಚಿತ್ರವನ್ನು ಸ್ವಲ್ಪ ನಿಂತು ನೋಡಬೇಕು. ಬಡ ಹುಡುಗನೊಬ್ಬ ಕಾಸಿಗೆ ಕಾಸು ಕೂಡಿಸುವುದು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳುವುದಕ್ಕಾಗಿ. ಕನ್ನಡದ ಮಹಾಕಾವ್ಯವನ್ನು ಬಡ ಹುಡುಗನ ಆಸೆಯ ವಸ್ತುವಾಗಿ ಮಾಡಿದ ಈ ಮಾರ್ಪಾಡು ಕಥೆಯನ್ನು ಕನ್ನಡದ್ದನ್ನಾಗಿಸಿತು. ಇಂಥ ಮಾರ್ಪಾಡನ್ನು ಒಪ್ಪಿ ಹಣ ಹೂಡುವುದೇ ಕಥೆಯನ್ನು ಬೆಳೆಸುವ ನಿರ್ಮಾಪಕರ ಕಸುಬು. ಅದೇ ಹೊತ್ತಿಗೆ ಅಲ್ಲಿ ರಾಮಾಯಣವೆಂದರೆ ಅಚ್ಚಾದ ಪುಸ್ತಕ. ರಾಮಾಯಣವನ್ನು ಬೀಸುವ ಕಲ್ಲಿನ ಮುಂದೆ, ಬಯಲಾಟದ ಅಟ್ಟದ ಮೇಲೆ ಕೇಳಿಯೇ ಬೆಳೆದ ಅಕ್ಷರ ಬಾರದ ಕನ್ನಡಿಗರ ಲೋಕ ಆ ಕಥನದ ಅಂಚಿನಲ್ಲಿಯೇ ಉಳಿಯುತ್ತದೆ. ಅಚ್ಚಿನ ಮೇಲಿನ ಈ ಗೌರವ ಪಾರ್ವತಮ್ಮನವರ ಇಡೀ ಕಥಾ ಆಯ್ಕೆಯ ಲಕ್ಷಣ. ಕಂಪನಿ ನಾಟಕದ ಕಿವಿ ಮೌಖಿಕವಾದುದು. ಆದರೆ ಆ ಕಿವಿ ಆರಿಸಿಕೊಳ್ಳುತ್ತಿದ್ದುದು ಹೆಚ್ಚಾಗಿ ಮುದ್ರಿತ ಕಾದಂಬರಿಯನ್ನು.

ಈ ಮಾತಿಗೆ ಅಪವಾದವಾಗಿಯೂ ಪುರಾವೆಯಾಗಿಯೂ ನಿಲ್ಲುವ ಚಿತ್ರ ‘ಜನುಮದ ಜೋಡಿ’ (1996). ಟಿ.ಎಸ್. ನಾಗಾಭರಣ ನಿರ್ದೇಶಿಸಿದ ಇದರ ಮೂಲ, ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿ ‘ಮಳೇಲಾ ಜೀವ’ (1941). ಜಾತ್ರೆಯಲ್ಲಿ ಭೇಟಿಯಾಗುವ ಬೇರೆ ಬೇರೆ ಜಾತಿಯ ಹುಡುಗ ಹುಡುಗಿಯರ ಪ್ರೇಮ, ಅವಳನ್ನು ಇನ್ನೊಬ್ಬನಿಗೆ ಕಟ್ಟುವ ದುರಂತ ಆ ಕಾದಂಬರಿಯ ವಸ್ತು. ಗುಜರಾತಿನ ಹಳ್ಳಿ ಕನ್ನಡಕ್ಕೆ ಬಂದಾಗ ಅದಕ್ಕೊಂದು ನೆಲ ಬೇಕಾಯಿತು. ಆ ನೆಲ ಹಳೆಯ ಮೈಸೂರಿನ ಹಳ್ಳಿಯಾಯಿತು. ಅದಕ್ಕೊಂದು ದೈವ ಬೇಕಾದಾಗ ಮಲೆ ಮಹದೇಶ್ವರ ಪರಂಪರೆಯ ‘ಕೋಲುಮಂಡೆ ಜಂಗಮ’ನ ಪದ ಒದಗಿತು. ವಿ. ಮನೋಹರ್ ಸಂಗೀತದಲ್ಲಿ ಅದನ್ನು ಹಾಡಿದ ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿ ಬಂತು. ಕಂಸಾಳೆಯವರ ಕೊರಳಲ್ಲಿದ್ದ ಹಾಡು ಮಲೆಯಿಂದ ಇಳಿದು ನಾಡಿನ ಊರೂರಿಗೂ ಕ್ಯಾಸೆಟ್ಟಾಗಿ ತಲುಪಿತು. ಚಿತ್ರದ ಯಶಸ್ಸಿನಲ್ಲಿ ಹಾಡುಗಳ ಪಾಲು ದೊಡ್ಡದು.

ಈ ಪದವೇ ಏಕೆ? ಉತ್ತರ ಸರಳವಾಗಿದೆ. ಗಾಜನೂರು ಮಾದಪ್ಪನ ಒಕ್ಕಲಿನ ಸೀಮೆಯದು. ಆ ಮನೆಯವರಿಗೆ ಜಂಗಮನ ಪದ ಸಂಶೋಧನೆಯಿಂದ ಸಿಕ್ಕ ವಸ್ತುವಲ್ಲ, ಮನೆಬಾಗಿಲಿಗೆ ಭಿಕ್ಷಕ್ಕೆ ಬಂದ ದನಿ. ಹಾಡಿಸುವವರು ತಮಗೆ ಗೊತ್ತಿರುವ ಸಾಲನ್ನೇ ಹಾಡಿಸುತ್ತಾರೆ. ಇದರ ಜೊತೆಗೆ ಇನ್ನೊಂದು ಕಾರಣವೂ ಇದೆ; ಅದು ವಿದ್ವಾಂಸರ ವಲಯಕ್ಕೆ ಸಂಬಂಧಿಸಿದ್ದು. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ‘ಮಲೆಯ ಮಾದೇಶ್ವರ’ 1973ರಲ್ಲಿಯೇ ಪ್ರಕಟವಾಗಿತ್ತು. ಹೀಗೆ ಈ ಪರಂಪರೆಗೆ ಪಾಠ, ವ್ಯಾಖ್ಯಾನ, ವೇದಿಕೆ ಎಲ್ಲವೂ ಚಿತ್ರ ತಯಾರಾಗುವ ವೇಳೆಗೆ ಸಿದ್ಧವಾಗಿದ್ದವು.

ಈಗ ಭಾಲ್ಕಿಯ ಕಡೆಗೆ ಬರಬೇಕು. ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣನ ಕ್ಷೇತ್ರವಿದೆ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳ ಭಕ್ತರು ಭಂಡಾರ ಹಚ್ಚಿಕೊಂಡು ಅಲ್ಲಿಗೆ ಬರುತ್ತಾರೆ. ಕನ್ನಡದವರಿಗೆ ಮೈಲಾರಲಿಂಗ, ಮರಾಠಿಗರಿಗೆ ಖಂಡೋಬ, ತೆಲುಗರಿಗೆ ಮಲ್ಲನ್ನ. ವಗ್ಗಯ್ಯಗಳು, ವಾಘ್ಯಾ–ಮುರಳಿಗಳು ಹಾಡುವ ಈ ದೈವದ ಕಥೆಯ ಒಡಲಲ್ಲಿಯೂ ಜಾತಿ ಮೀರಿದ ಪ್ರೇಮವಿದೆ. ಮರಾಠಿ ಪಾಠಗಳಲ್ಲಿ ಹಿರಿಯ ಹೆಂಡತಿ ಮ್ಹಾಳಸಾ ಲಿಂಗಾಯತ ವ್ಯಾಪಾರಿ ಮನೆತನದವಳು. ಕಿರಿಯಳಾದ ಬಾಣಾಯಿ ಕುರಿಗಾರ ಧನಗರರ ಮಗಳು. ಪಗಡೆಯಾಟದಲ್ಲಿ ಮ್ಹಾಳಸಾಗೆ ಸೋತ ದೇವರು ಹನ್ನೆರಡು ವರ್ಷ ಮನೆ ಬಿಡುತ್ತಾನೆ. ಮುದುಕನ ವೇಷದಲ್ಲಿ ಬಾಣಾಯಿಯ ಮನೆಯಲ್ಲಿ ಕುರಿ ಕಾಯುವ ಆಳಾಗುತ್ತಾನೆ. ಸತ್ತ ಕುರಿಗಳನ್ನು ಬದುಕಿಸಬೇಕಾದರೆ ಮಗಳನ್ನು ಕೊಡಿ ಎನ್ನುತ್ತಾನೆ. ಕನ್ನಡದ ಪಾಠಗಳಲ್ಲಿ ಗಂಗಿಮಾಳವ್ವ, ಕುರುಬತೆವ್ವ ಎಂಬ ಹೆಸರುಗಳು ಬರುತ್ತವೆ. ಸವತಿಯರ ಜಗಳದ ಭಾಗವನ್ನು ಹಾಡುವಾಗ ಕೇಳುಗರು ನಗುತ್ತಾರೆ. ಆದರೆ ಒಕ್ಕಲುತನದವಳೂ ಅಲ್ಲದ, ವ್ಯಾಪಾರದವಳೂ ಅಲ್ಲದ, ಅಡವಿಯ ಹೆಣ್ಣೊಬ್ಬಳು ದೇವರ ಮನೆಯಲ್ಲಿ ಪಾಲು ಕೇಳುವ ದನಿ ಆ ನಗೆಯ ಅಡಿಯಲ್ಲಿದೆ. ಚಿತ್ರಕಥೆಗೆ ಬೇಕಾದ ಸಂಘರ್ಷ, ವೇಷ, ಪಂಥ, ಹಾಸ್ಯ, ಹಾಡು ಎಲ್ಲವೂ ಇಲ್ಲಿ ಹೆಣೆದುಕೊಂಡಿವೆ. ಜಾತಿ ಮೀರಿದ ಪ್ರೇಮದ ಹಳ್ಳಿಗಾಡಿನ ಕಥೆಗಾಗಿ ಬೆಂಗಳೂರಿನಿಂದ ಗುಜರಾತಿನವರೆಗೆ ಹೋದ ಹುಡುಕಾಟ ಭಾಲ್ಕಿಯನ್ನು ದಾಟಿ ಹೋಯಿತು ಎಂದರೆ ತಪ್ಪಾಗದು.

ಈ ಹೋಲಿಕೆಯನ್ನು ದೂರಿನಂತೆ ಮಂಡಿಸುವುದು ಅನ್ಯಾಯ. ಪನ್ನಾಲಾಲ್ ಪಟೇಲರ ಕಾದಂಬರಿ ಆದಿ, ಮಧ್ಯ, ಅಂತ್ಯಗಳಿರುವ ಸಿದ್ಧ ಕೃತಿ. ಅವರು 1985ರ ಜ್ಞಾನಪೀಠ ಪುರಸ್ಕೃತರು. ಮೈಲಾರನ ಕಥೆ ರಾತ್ರಿಗಳಲ್ಲಿ ಚದುರಿದ್ದು, ದೈವಕ್ಕೆ ಸಂಬಂಧಿಸಿದ್ದು, ಭಕ್ತರ ಮನಸ್ಸು ನೋಯದಂತೆ ಮುಟ್ಟಬೇಕಾದದ್ದು. ಹಣ ಹೂಡುವವರು ಮೊದಲನೆಯದನ್ನು ಆರಿಸುವುದು ಸಹಜ. ಹಾಗಿದ್ದರೂ ಅದೇ ಚಿತ್ರದಲ್ಲಿ ದಕ್ಷಿಣದ ದೈವದ ಹಾಡು ಧಾರಾಳವಾಗಿ ಬಂದುದನ್ನು ನೋಡಿದರೆ, ಅಡ್ಡಿಯಾದದ್ದು ಮೌಖಿಕತೆಯಾಗಲಿ ದೈವಭಯವಾಗಲಿ ಅಲ್ಲ, ಪರಿಚಯದ ಅಂತರವೆಂದು ಹೇಳಬೇಕಾಗುತ್ತದೆ.

ಈ ಅಂತರಕ್ಕೆ ಚರಿತ್ರೆಯಿದೆ. 1948ರವರೆಗೆ ಬೀದರ್ ನಿಜಾಮನ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವಾಗ ಉದಗೀರ, ನಿಲಂಗಾ ಮೊದಲಾದ ಮರಾಠಿ ಭಾಗಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೆ ಹೋದವು. ಉಳಿದ ಭಾಲ್ಕಿ, ಔರಾದಗಳು ಅಂಚಿನ ತಾಲ್ಲೂಕುಗಳಾದವು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಮೈಸೂರಿನಲ್ಲಿ ಕನ್ನಡ ಕಾದಂಬರಿಯ ಓದುಗ ವರ್ಗ ಬೆಳೆಯುತ್ತಿದ್ದ ದಶಕಗಳಲ್ಲಿ ಇಲ್ಲಿ ಕನ್ನಡ ಅಕ್ಷರವೇ ಮರೆಯಲ್ಲಿ ಕಲಿಯಬೇಕಾದ ವಸ್ತುವಾಗಿತ್ತು. ಕಾದಂಬರಿಯನ್ನು ಮುಖ್ಯ ಆಕರವಾಗಿಸಿಕೊಂಡ ನಿರ್ಮಾಣ ಸಂಸ್ಥೆಗೆ ಈ ನೆಲದಿಂದ ಕಾದಂಬರಿ ಬಾರದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ರಾಜಕೀಯ ನಕ್ಷೆ ಬದಲಾದರೂ ವ್ಯಾಪಾರದ ನಕ್ಷೆ ಅಷ್ಟು ಬೇಗ ಬದಲಾಗಲಿಲ್ಲ. ಹಿಂದಿ ಚಿತ್ರಗಳ ವಿತರಣೆಯಲ್ಲಿ ಹಳೆಯ ಹೈದರಾಬಾದ್ ಸಂಸ್ಥಾನದ ಭಾಗಗಳು ‘ನಿಜಾಮ್’ ಎಂಬ ವಲಯದಲ್ಲಿಯೇ ಉಳಿದವು. ಈ ಸೀಮೆಯ ಹೆಸರು 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ಬದಲಾದ ಮೇಲೂ ಚಿತ್ರ ವ್ಯಾಪಾರಿಗಳ ಬಾಯಿಂದ ಹಳೆಯ ಹೆಸರು ಸುಲಭವಾಗಿ ಹೋಗುವಂಥದ್ದಲ್ಲ. ಬೀದರಿನ ಪ್ರೇಕ್ಷಕನ ಮುಂದೆ ಹಿಂದಿ, ತೆಲುಗು, ಮರಾಠಿ ಚಿತ್ರಗಳು ಕನ್ನಡ ಚಿತ್ರದೊಂದಿಗೆ ಪೈಪೋಟಿಗೆ ನಿಂತಿದ್ದವು. ಅವನಿಗೆ ಆ ಭಾಷೆಗಳು ಪರಕೀಯವೂ ಆಗಿರಲಿಲ್ಲ. ಇಂಥ ಕಡೆ ರಾಜ್‌ಕುಮಾರ್ ಚಿತ್ರ ನೋಡಲು ಹೋಗುವುದು ಕನ್ನಡವನ್ನು ಆರಿಸಿಕೊಳ್ಳುವ ಕ್ರಿಯೆಯಾಗಿತ್ತು. ಹಾಗೆ ಆರಿಸಿಕೊಂಡವನಿಗೆ ತೆರೆಯ ಮೇಲೆ ಸಿಕ್ಕ ಕನ್ನಡ ಕಂಪನಿ ನಾಟಕದಿಂದ ಬಂದ ಶಿಷ್ಟ ಕನ್ನಡ. ‘ಬರ್ಲಾಕತ್ತಾನ’ ಎನ್ನುವ ಅವನ ಮನೆಮಾತು ಕನ್ನಡ ಚಿತ್ರಗಳಲ್ಲಿ ಬಹುಕಾಲ ಹಾಸ್ಯಪಾತ್ರದ ಬಾಯಲ್ಲಿಯೇ ಹೆಚ್ಚಾಗಿ ಕೇಳಿಸಿತು. 1997ರಲ್ಲಿ ಶ್ರೀಹರಿ ಖೋಡೆ ನಿರ್ಮಿಸಿದ ‘ನಾಗಮಂಡಲ’ ಉತ್ತರ ಕರ್ನಾಟಕದ ಮಾತನ್ನು ನಾಯಕ, ನಾಯಕಿಯರ ಮಾತಾಗಿಸಿತು. ಗಿರೀಶ ಕಾರ್ನಾಡರ ಆ ನಾಟಕದ ಹಿಂದೆ ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿದ್ದವು. ನಿರ್ದೇಶಿಸಿದವರು ‘ಜನುಮದ ಜೋಡಿ’ಯ ನಾಗಾಭರಣರೇ. ಒಬ್ಬನೇ ನಿರ್ದೇಶಕ ಒಂದು ವರ್ಷದ ಅಂತರದಲ್ಲಿ ಎರಡು ಸೀಮೆಗಳ ಜಾನಪದಕ್ಕೆ ಕೈಹಾಕಿದ್ದನ್ನು ನೋಡಿದರೆ ನೆಲವನ್ನು ಆರಿಸುವಲ್ಲಿ ಹಾಡಿಸುವವರ ಪಾತ್ರ ಎಷ್ಟೆಂಬುದು ಊಹೆಗೆ ಸಿಗುತ್ತದೆ. ಆದರೆ ‘ನಾಗಮಂಡಲ’ದ ಭಾಷೆಯೂ ಧಾರವಾ‍ಡದ ಕಡೆಯದು, ಭೀಮೆಯ ಆಚೆಗೆ ಅದು ಬರಲಿಲ್ಲ.

ಬೀದರ್ ಸೀಮೆಯ ವಸ್ತು ಚಿತ್ರಕ್ಕೆ ಒಗ್ಗದಿರುವುದಕ್ಕೆ ಅದರ ಬಹುಭಾಷಿಕತೆಯೂ ಕಾರಣ. ಹುಮನಾಬಾದಿನ ಮಾಣಿಕ ಪ್ರಭುಗಳ (1817–1865) ಪದಗಳು ಕನ್ನಡದಲ್ಲಿಯೂ ಇವೆ, ಮರಾಠಿ, ಹಿಂದಿಗಳಲ್ಲಿಯೂ ಇವೆ. ಬೀದರ್ ನಗರದ ಹೊರಗಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಗೋರಿಯಿದೆ. ಜನ ಅವನನ್ನು ಅಲ್ಲಮಪ್ರಭುವೆಂದೂ ಕಾಣುತ್ತಾರೆ. ವರ್ಷದ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಔರಾದದ ಅಮರೇಶ್ವರ ಜಾತ್ರೆಯಲ್ಲಿ ಕನ್ನಡ, ಮರಾಠಿಗಳ ನಡುವೆ ಗೆರೆ ಎಳೆಯುವುದು ಕಷ್ಟ. ಇದನ್ನೆಲ್ಲ ಒಂದೇ ಭಾಷೆಯ ಚಿತ್ರವಾಗಿ ಕತ್ತರಿಸುವುದು ಹೇಗೆ? ‘ಜನುಮದ ಜೋಡಿ’ಯ ಜಂಗಮ ಒಂದೇ ಭಾಷೆ ಆಡುತ್ತಾನೆ. ಅಷ್ಟೂರಿಗೆ ಬರುವ ಜಂಗಮನ ಕಥೆಯನ್ನು ಕನ್ನಡದ ಜೊತೆಗೆ ದಖನಿಯೂ ಇಲ್ಲದೆ ಹೇಳುವಂತಿಲ್ಲ. ಕನ್ನಡ ಚಿತ್ರರಂಗದ ಮಾರುಕಟ್ಟೆ ಅಂಥ ಚಿತ್ರವನ್ನು ಕನ್ನಡ ಚಿತ್ರವೆಂದು ಒಪ್ಪುತ್ತಿತ್ತೇ ಎಂಬ ಪ್ರಶ್ನೆಯನ್ನು ಯಾವ ನಿರ್ಮಾಪಕರಾದರೂ ಹಣ ಹಾಕುವ ಮೊದಲು ಕೇಳಿಕೊಳ್ಳಬೇಕಾಗುತ್ತದೆ.

ಹೊಣೆಯ ಇನ್ನೊಂದು ಪಾಲು ಜಾನಪದ ವಿದ್ವತ್ತಿನದು. ಪಾರ್ವತಮ್ಮನವರ ಸಂಸ್ಥೆ ಅಚ್ಚಾದುದನ್ನು ಓದಿ ಆರಿಸುತ್ತಿತ್ತು ಎಂದ ಮೇಲೆ, ಅಚ್ಚಾಗದಿದ್ದುದು ಅವರ ಮುಂದೆ ಬರಲೇ ಇಲ್ಲ ಎಂಬುದನ್ನೂ ಒಪ್ಪಬೇಕು. ಖಂಡೋಬನನ್ನು ಕುರಿತು ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ಅವರ ಗ್ರಂಥ 1976ರಲ್ಲಿ ಬಂತು, 1989ರಲ್ಲಿ ಇಂಗ್ಲಿಷಿಗೂ ಆಯಿತು. ಮಾದೇಶ್ವರ ಕಾವ್ಯಕ್ಕೆ ದೊರೆತಂಥ ಸಂಪಾದನೆ, ಪ್ರಸಾರ, ಮರುಮುದ್ರಣಗಳ ಭಾಗ್ಯ ಭಾಲ್ಕಿ ಸೀಮೆಯ ಗಾಯಕರ ಮೈಲಾರನಿಗೆ ದೊರೆಯಲಿಲ್ಲ. ಕ್ಷೇತ್ರಕಾರ್ಯದ ವರದಿಗಳು ಪದವಿಗಾಗಿ ಸಲ್ಲಿಸಿದ ಪ್ರಬಂಧಗಳಾಗಿ ಗ್ರಂಥಾಲಯ ಸೇರುತ್ತವೆ. ಅವುಗಳಲ್ಲಿ ಹಾಡಿನ ನಾಲ್ಕು ಸಾಲು, ಅದರ ಮೇಲೆ ಹತ್ತು ಪುಟದ ವಿಶ್ಲೇಷಣೆ. ಕಥೆಯನ್ನು ಕಥೆಯಾಗಿ ಓದಬಯಸುವ ಹೊರಗಿನವರಿಗೆ, ಅವರು ಕಾದಂಬರಿಕಾರರಿರಲಿ ಚಿತ್ರ ನಿರ್ಮಾಪಕರಿರಲಿ, ಅದರಿಂದ ಏನೂ ದಕ್ಕುವುದಿಲ್ಲ.

ಪಾರ್ವತಮ್ಮನವರು ತೀರಿಕೊಂಡದ್ದು 2017ರ ಮೇ 31ರಂದು. ಕಾದಂಬರಿ ಓದಿಸಿ, ಮನೆಯವರ ಮುಂದೆ ಕಥೆ ಹೇಳಿಸಿ, ಹೆಂಗಸರು ಮಕ್ಕಳು ಕೂತು ನೋಡಬಹುದೇ ಎಂದು ತೂಗಿ ಹಣ ಹೂಡುವ ಅವರ ಕಾಲದ ಕ್ರಮದ ಜಾಗದಲ್ಲಿ ಇಂದು ಬೇರೆ ಲೆಕ್ಕಗಳಿವೆ. ಕರಾವಳಿಯ ಭೂತಕೋಲವನ್ನು ‘ಕಾಂತಾರ’ (2022) ದೇಶದ ಉದ್ದಗಲಕ್ಕೂ ಒಯ್ದ ಮೇಲೆ ಸ್ಥಳೀಯ ದೈವಗಳ ಕಥೆಗೆ ಮಾರುಕಟ್ಟೆ ಇಲ್ಲವೆಂಬ ಮಾತು ನಿಲ್ಲುವುದಿಲ್ಲ. ಅಲ್ಲಿಯೂ ನಿರ್ದೇಶಕ ರಿಷಬ್ ಶೆಟ್ಟಿ ಆ ಕರಾವಳಿಯವರೇ. ಖಾನಾಪುರದ ಕಥೆ ಇಂದು ಯಾರ ಮೇಜಿನ ಮೇಲೆ ಹೋಗಬೇಕಾದರೂ ಮೊದಲು ಅದು ಒಂದು ಪೂರ್ಣ ಪಾಠವಾಗಿ ಅಚ್ಚಾಗಬೇಕು. ಹಾಡುವವನು ನಡುರಾತ್ರಿ ಕನ್ನಡದಿಂದ ಮರಾಠಿಗೆ ಹೊರಳಿದ ಕಡೆ ಪಾಠವೂ ಹೊರಳಬೇಕು. ಎರಡು ಭಾಷೆಗಳನ್ನು ಎದುರುಬದುರಾಗಿ ಮುದ್ರಿಸಿ, ಗಾಯಕರ ಒಪ್ಪಿಗೆಯನ್ನೂ ಗೌರವಧನವನ್ನೂ ಮೊದಲೇ ಬರೆದಿಡಬೇಕು.